ಬಿಲ್ಲೆಯ ಬೆನ್ನು

ನಮ್ಮ ಸೀಮೆಯಲ್ಲಿ ಹಳೆಯ ವಸ್ತುವಿನ ವಯಸ್ಸು ಹೇಳಲು ಎರಡು ಮಾತು ಸಾಕು: ‘ನಿಜಾಮನ ಕಾಲದ್ದು’. ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದಿಂದ ಹಿಡಿದು ಭೀಮೆಯ ಕಡೆಗಿನ ಅಫಜಲಪುರ, ಜೇವರ್ಗಿಯ ಹಳ್ಳಿಗಳವರೆಗೆ ವಾಡೆಯ ದೊಡ್ಡ ಬಾಗಿಲಿಗೂ ಅದೇ ಮಾತು, ಅಟ್ಟದ ಮೇಲಿನ ತಾಮ್ರದ ಹಂಡೆಗೂ ಅದೇ ಮಾತು, ಟ್ರಂಕಿನ ತಳದಲ್ಲಿ ರುಮಾಲಿನಲ್ಲಿ ಸುತ್ತಿಟ್ಟ ಹಿತ್ತಾಳೆ ಬಿಲ್ಲೆಗೂ ಅದೇ ಮಾತು. ಆಸಫ್‌ಜಾಹಿ ಮನೆತನ ದಖ್ಖನ್ನಿನಲ್ಲಿ ನೆಲೆನಿಂತದ್ದು 1724ರಲ್ಲಿ. ಅದರ ಆಳ್ವಿಕೆ ಮುಗಿದದ್ದು 1948ರ ಸೆಪ್ಟೆಂಬರಿನಲ್ಲಿ. ಅಂದರೆ ನಾವು ಒಂದು ಉಸಿರಿನಲ್ಲಿ ಹೇಳಿ ಮುಗಿಸುವ ‘ಕಾಲ’ 224 ವರ್ಷದ್ದು. ಅಷ್ಟರಲ್ಲಿ ಬತ್ತಿ ಹೊತ್ತಿಸುವ ಕೋವಿ ಹೋಗಿ ಮೆಷಿನ್ ಗನ್ ಬಂದಿತ್ತು, ಕುದುರೆ ಹೋಗಿ ಟ್ಯಾಂಕ್ ಬಂದಿತ್ತು. ಹಾಗಾಗಿ ‘ನಿಜಾಮನ ಕಾಲದ್ದು’ ಎನ್ನುವುದರಲ್ಲಿ ವಸ್ತುವಿನ ಮೇಲಿನ ಗೌರವ ಇದೆ, ತಾರೀಖು ಇಲ್ಲ. ತಾರೀಖು ಬೇಕೆಂದರೆ ಬಿಲ್ಲೆಯನ್ನು ಬೋರಲು ಹಾಕಬೇಕು. ಅದರ ಬೆನ್ನಿನ ಮೇಲೆ, ಒಮ್ಮೊಮ್ಮೆ ಜೋಳದ ಕಾಳಿಗಿಂತ ಸಣ್ಣ ಅಕ್ಷರದಲ್ಲಿ, ಅದನ್ನು ಮಾಡಿದವನ ಹೆಸರಿರುತ್ತದೆ. ಆ ಹೆಸರು ನಮ್ಮ ನೆನಪಿಗೆ ಒಂದು ಗಡಿಕಲ್ಲು ಹಾಕಿಕೊಡಬಲ್ಲದು. ಆದರೆ ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ಸರಿಯಾಗಿ ತಿಳಿಯದೆ ಹೋದರೆ ಒಂದು ತಪ್ಪನ್ನು ಬಿಟ್ಟು ಇನ್ನೊಂದನ್ನು ಹಿಡಿದ ಹಾಗಾಗುತ್ತದೆ. ಈ ಬರಹದ ವಾದ ಇಷ್ಟೇ: ತಯಾರಕನ ಗುರುತು ವಸ್ತುವಿನ ಹುಟ್ಟಿದ ದಿನವಲ್ಲ. ಇಂಥ ವರ್ಷಕ್ಕಿಂತ ಮೊದಲು ಈ ವಸ್ತು ಇರಲು ಸಾಧ್ಯವಿರಲಿಲ್ಲ ಎಂಬುದಕ್ಕೆ ಮಾತ್ರ ಅದು ಗಟ್ಟಿ ಸಾಕ್ಷಿ.

ಬಿಲ್ಲೆ ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ಲಾಂಛನ ಎಂದರೆ ರಾಜನದ್ದಾಗುತ್ತದೆ, ಪದಕ ಎಂದರೆ ಬಹುಮಾನದ್ದಾಗುತ್ತದೆ. ಬಿಲ್ಲೆ ಮಾತ್ರ ಎದೆಗೋ ರುಮಾಲಿಗೋ ಸೊಂಟದ ಪಟ್ಟಿಗೋ ಸಿಕ್ಕಿಸಿಕೊಂಡು ಕೆಲಸ ಮಾಡಿದವನದು. ಹಿಂದುಸ್ತಾನಿಯಲ್ಲಿ ಚಪರಾಸ್ ಎಂದರೆ ಪಟ್ಟಿಗೆ ಹಾಕುವ ಈ ಬಿಲ್ಲೆಯೇ. ಅದನ್ನು ತೊಟ್ಟವನು ಚಪರಾಸಿಯಾದ, ಪಟ್ಟಿ ಕಟ್ಟಿದವನು ಪಟ್ಟೇವಾಲನಾದ. ಮನುಷ್ಯನ ಹುದ್ದೆಯ ಹೆಸರೇ ಅವನ ಮೈಮೇಲಿನ ಲೋಹದಿಂದ ಬಂದ ನಾಡು ಇದು. ನಿಜಾಮನ ಆಳ್ವಿಕೆಯಲ್ಲಿ ಆಳಂದ ಪಾಯಗಾ ಜಹಗೀರಿಗೆ ಸೇರಿತ್ತು. ಪಾಯಗಾ ಎಂದರೆ ಮೂಲದಲ್ಲಿ ಕುದುರೆ ಲಾಯ. ಸವಾರರನ್ನು ಸಾಕುವ ಹೊಣೆಗೆ ಪ್ರತಿಯಾಗಿ ಭೂಮಿ ಪಡೆದ ಮನೆತನಗಳ ಆಡಳಿತ ಅದು. ಹಾಗಾಗಿ ನಮ್ಮ ಊರುಗಳಲ್ಲಿ ಸಿಗುವ ಬಿಲ್ಲೆ ಎಲ್ಲವೂ ಒಂದೇ ದಂಡಿನದಾಗಿರಬೇಕಿಲ್ಲ. ನಿಜಾಮನ ಸರ್ಕಾರಿ ಪಲ್ಟನ್ನಿನದಿರಬಹುದು, ಪಾಯಗಾದ ಸವಾರನದಿರಬಹುದು, ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿದ್ದ ಹೈದರಾಬಾದ್ ಕಂಟಿಂಜೆಂಟಿನದಿರಬಹುದು, ಸೊಲ್ಲಾಪುರದ ಕಡೆಯಿಂದ ಬ್ರಿಟಿಷ್ ಇಂಡಿಯಾದ ಸೈನ್ಯ ಸೇರಿದವನದಿರಬಹುದು, ದಂಡಿಗೆ ಸಂಬಂಧವೇ ಇಲ್ಲದ ಕಚೇರಿ ಜವಾನನದೂ ಇರಬಹುದು. ಇವೆಲ್ಲ ಒಂದೇ ಟ್ರಂಕಿನಲ್ಲಿ ಒಂದೇ ಬಣ್ಣಕ್ಕೆ ಕಪ್ಪಾಗಿ ಕೂತಾಗ ಮುಖ ನೋಡಿ ಬೇರ್ಪಡಿಸುವುದು ಸುಲಭವಲ್ಲ.

ವಸ್ತುವಿನ ಮೇಲೆ ಮಾಡಿದವನ ಹೆಸರು ಇರುವುದು ಕನ್ನಡಿಗರಿಗೆ ಹೊಸ ಸಂಗತಿಯಲ್ಲ. ಬೇಲೂರಿನ ಶಿಲ್ಪಗಳ ಬುಡದಲ್ಲಿ ದಾಸೋಜನ, ಚಾವಣನ ಹೆಸರುಗಳಿವೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ತನ್ನ ಹೆಸರನ್ನು ಮತ್ತೆ ಮತ್ತೆ ಕೊರೆದಿದ್ದಾನೆ. ರೂವಾರಿಯ ಹೆಸರಿನಲ್ಲಿ ಹೆಮ್ಮೆ ಇತ್ತು. ಬಿಲ್ಲೆಯ ಬೆನ್ನಿನ ಹೆಸರು ಮಾತ್ರ ವ್ಯಾಪಾರದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ ಮತ್ತು ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗಳು ಬ್ರಿಟಿಷ್ ಸೈನ್ಯಕ್ಕೆ ಮಾತ್ರವಲ್ಲ, ಇಂಡಿಯಾದ ಪಲ್ಟನ್ನುಗಳಿಗೂ ದೇಶೀ ಸಂಸ್ಥಾನಗಳಿಗೂ ಗುಂಡಿ, ಬಿಲ್ಲೆ, ಪಟ್ಟಿಯ ಬಕಲ್ ಒತ್ತಿ ಕಳಿಸುತ್ತಿದ್ದವು. ಫರ್ಮಿನ್ ಕಂಪನಿ ತನ್ನ ಹುಟ್ಟನ್ನು ಹದಿನೇಳನೆಯ ಶತಮಾನಕ್ಕೆ ಒಯ್ಯುತ್ತದೆ, ಜೆ. ಆರ್. ಗಾಂಟ್ ಶುರುವಾದದ್ದು 1884ರಲ್ಲಿ. ಕಂಪನಿ ಹುಟ್ಟಿದ ವರ್ಷ ತಿಳಿದರೆ ಅದರ ಹೆಸರು ಹೊತ್ತ ಗುಂಡಿ ಅದಕ್ಕಿಂತ ಹಿಂದಿನದಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ಆದರೆ ಫರ್ಮಿನ್‌ನಂಥ ಹಳೆಯ ಕಂಪನಿಯ ವಿಷಯದಲ್ಲಿ ಆ ತಿಳಿವಳಿಕೆಯಿಂದ ಹೆಚ್ಚೇನೂ ದಕ್ಕುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಹೆಸರಿನ ಬಾಲ. ‘ಫರ್ಮಿನ್ ಅಂಡ್ ಸನ್ಸ್’ ಎಂದಷ್ಟೇ ಇದ್ದ ಹೆಸರಿಗೆ ‘ಲಿಮಿಟೆಡ್’ ಸೇರಿದ್ದು 1875ರಲ್ಲಿ. ಆ ಮೂರಕ್ಷರದ ಚುಟುಕು ರೂಪ ಗುಂಡಿಯ ಬೆನ್ನ ಮೇಲೆ ಕಂಡರೆ ಆ ಗುಂಡಿ 1857ರ ದಂಗೆಯನ್ನಾಗಲಿ 1858ರ ಸುರಪುರದ ಕಾಳಗವನ್ನಾಗಲಿ ಕಂಡಿದ್ದಲ್ಲ. ಮನೆಯವರು ಎಷ್ಟು ಅಕ್ಕರೆಯಿಂದ ಹಾಗೆ ಹೇಳುತ್ತ ಬಂದಿದ್ದರೂ ಅಲ್ಲ. ಇಂಗ್ಲೆಂಡಿನ ಕಾನೂನಿನಲ್ಲಿ ಲಿಮಿಟೆಡ್ ಎಂಬ ಪದ್ಧತಿಯೇ ಬಂದದ್ದು 1855ರಲ್ಲಿ. ಆದ್ದರಿಂದ ಕಂಪನಿ ಯಾವುದೆಂದು ಓದಲಾಗದಷ್ಟು ಸವೆದಿದ್ದರೂ ಬಾಲದಲ್ಲಿ ಆ ಪದ ಉಳಿದಿದ್ದರೆ ಒಂದು ಕೆಳಗಿನ ಗೆರೆ ಸಿಕ್ಕೇ ಸಿಗುತ್ತದೆ.

ಬೆಳ್ಳಿಯದಾದರೆ ಇನ್ನೂ ಅನುಕೂಲ. ಇಂಗ್ಲೆಂಡಿನ ಬೆಳ್ಳಿಯ ಮೇಲೆ ಪರೀಕ್ಷೆ ಮಾಡಿದ ಊರಿನ ಗುರುತು, ವರ್ಷಕ್ಕೊಂದರಂತೆ ಬದಲಾಗುವ ಅಕ್ಷರ ಇರುತ್ತವೆ. ಬರ್ಮಿಂಗ್‌ಹ್ಯಾಮಿನದು ಲಂಗರು, 1773ರಿಂದ ಇವತ್ತಿನವರೆಗೆ. ರಾಜನ ಅಥವಾ ರಾಣಿಯ ತಲೆಯ ಮುದ್ರೆ ಇದ್ದರೆ ಅದು ತೆರಿಗೆ ಕಟ್ಟಿದ ಗುರುತು. ಆ ಪದ್ಧತಿ 1784ರಿಂದ 1890ರವರೆಗೆ ಮಾತ್ರ ಇತ್ತು. ವಿನ್ಯಾಸ ನೋಂದಾಯಿಸಿದ ಗುರುತುಗಳೂ ಹೀಗೆಯೇ: 1842ರಿಂದ 1883ರವರೆಗೆ ವಜ್ರಾಕಾರದ ಚೌಕಟ್ಟು, 1884ರಿಂದ ಒಂದರಿಂದ ಶುರುವಾಗಿ ಏರುತ್ತ ಹೋದ ಸಂಖ್ಯೆ. ಆದರೆ ಇಲ್ಲಿಯೂ ಎಚ್ಚರ ಬೇಕು. ನೋಂದಣಿ ಸಂಖ್ಯೆ ಹೇಳುವುದು ನಕ್ಷೆ ದಾಖಲಾದ ವರ್ಷವನ್ನು. ಅದೇ ನಕ್ಷೆಯ ಅಚ್ಚಿನಿಂದ ಮೂವತ್ತು ವರ್ಷ ಸರಕು ಒತ್ತುತ್ತಿದ್ದರೂ ಸಂಖ್ಯೆ ಬದಲಾಗುವುದಿಲ್ಲ. ಇಂದು ಸರಾಫ್ ಅಂಗಡಿಯಲ್ಲಿ ಬಂಗಾರದ ಮೇಲೆ ಕಾಣುವ ಆರು ಅಕ್ಷರ–ಅಂಕಿಗಳ ಹಾಲ್‌ಮಾರ್ಕ್ ಸಂಖ್ಯೆ ಬಂದದ್ದು 2021ರಲ್ಲಿ. ಅಜ್ಜಿಯ ಬಿಲ್ವಾರಕ್ಕೂ ಆ ಮುದ್ರೆ ಬಿದ್ದಿದ್ದರೆ ಮುದ್ರೆ ಹೊಸದು, ಬಿಲ್ವಾರ ಹಳೆಯದು. ಮುದ್ರೆಯ ವಯಸ್ಸು ಬೇರೆ, ವಸ್ತುವಿನ ವಯಸ್ಸು ಬೇರೆ ಎಂಬುದನ್ನು ನಮ್ಮ ಪತ್ತಾರರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹಾಗಾದರೆ ಮೇಲಿನ ಗೆರೆ, ಅಂದರೆ ಇಂಥ ವರ್ಷದ ನಂತರದ್ದಲ್ಲ ಎಂಬುದು ಎಲ್ಲಿಂದ ಬರಬೇಕು? ಅದಕ್ಕೆ ಬಿಲ್ಲೆಯನ್ನು ಮತ್ತೆ ಮಗುಚಿ ಮುಖ ನೋಡಬೇಕು. ಈ ವಿಷಯದಲ್ಲಿ ನಮ್ಮ ಭಾಗಕ್ಕೆ ಒಂದು ಅನುಕೂಲವಿದೆ: ದಖ್ಖನ್ನಿನ ಪಲ್ಟನ್ನುಗಳ ಹೆಸರು ಪದೇ ಪದೇ ಬದಲಾಗಿದೆ. 1853ರ ಒಪ್ಪಂದದಲ್ಲಿ ನಿಜಾಮ ಬೇರಾರ್ ಸೀಮೆಯನ್ನು ಬ್ರಿಟಿಷರ ವಶಕ್ಕೆ ಕೊಟ್ಟದ್ದು ಯಾವ ಸೈನ್ಯದ ಖರ್ಚಿಗಾಗಿಯೋ ಆ ಹೈದರಾಬಾದ್ ಕಂಟಿಂಜೆಂಟಿಗೆ ಔರಂಗಾಬಾದ್, ಹಿಂಗೋಲಿ, ಬೊಲ್ಲಾರಂಗಳಲ್ಲಿ ಛಾವಣಿಗಳಿದ್ದವು. ನಮ್ಮ ಕನ್ನಡ ಸೀಮೆಯ ಲಿಂಗಸುಗೂರಿನಲ್ಲೂ ಇತ್ತು. ಈ ಕಂಟಿಂಜೆಂಟ್ 1903ರಲ್ಲಿ ಪ್ರತ್ಯೇಕ ಸೈನ್ಯವಾಗಿ ಉಳಿಯಲಿಲ್ಲ, ಇಂಡಿಯನ್ ಆರ್ಮಿಯಲ್ಲಿ ಕರಗಿತು. ರೆಸಿಡೆಂಟ್ ಹೆನ್ರಿ ರಸೆಲ್ ಕಟ್ಟಿದ ರಸೆಲ್ ಬ್ರಿಗೇಡಿನಿಂದ ಬಂದ ಪಲ್ಟನ್ನುಗಳು 94 ಮತ್ತು 95ನೆಯ ರಸೆಲ್ಸ್ ಇನ್‌ಫಂಟ್ರಿ ಆದವು, ಉಳಿದವು 96ರಿಂದ 99ರವರೆಗಿನ ಸಂಖ್ಯೆ ಪಡೆದವು. ಕುದುರೆ ದಂಡಿನಿಂದ 20ನೆಯ ಡೆಕ್ಕನ್ ಹಾರ್ಸ್, 29ನೆಯ ಲ್ಯಾನ್ಸರ್ಸ್, 30ನೆಯ ಲ್ಯಾನ್ಸರ್ಸ್ ಬಂದವು. 1922ರಲ್ಲಿ ಆ ಸಂಖ್ಯೆಗಳೂ ಹೋಗಿ ಕಾಲಾಳಿನ ಪಲ್ಟನ್ನುಗಳೆಲ್ಲ 19ನೆಯ ಹೈದರಾಬಾದ್ ರೆಜಿಮೆಂಟ್ ಎಂಬ ಒಂದೇ ಹೆಸರಿನ ಕೆಳಗೆ ಸೇರಿದವು. 1945ರ ಅಕ್ಟೋಬರಿನಲ್ಲಿ ಆ ಹೆಸರೂ ಅಳಿದು ಕುಮಾವೂಂ ರೆಜಿಮೆಂಟ್ ಆಯಿತು. ಹೀಗೆ 1903, 1922, 1945 ಎಂಬ ಮೂರು ಗಡಿಗಳು ನಮಗೆ ಪುಕ್ಕಟೆಯಾಗಿ ದೊರೆತಿವೆ.

ಈಗ ಬೆನ್ನು–ಮುಖ ಎರಡನ್ನೂ ಕೂಡಿಸಿ ನೋಡೋಣ. ಹೈದರಾಬಾದ್ ಕಂಟಿಂಜೆಂಟಿನ ಹೆಸರುಳ್ಳ ಗುಂಡಿಯ ಹಿಂದೆ ‘ಫರ್ಮಿನ್ ಅಂಡ್ ಸನ್ಸ್ ಲಿಮಿಟೆಡ್’ ಎಂದಿದ್ದರೆ ಬೆನ್ನು 1875 ಎನ್ನುತ್ತದೆ, ಮುಖ 1903 ಎನ್ನುತ್ತದೆ. 224 ವರ್ಷದ ‘ನಿಜಾಮನ ಕಾಲ’ 28 ವರ್ಷಕ್ಕೆ ಇಳಿಯಿತು. ಅದರ ಮೇಲೆ ಕಿರೀಟ ಇದ್ದರೆ ಮತ್ತಷ್ಟು ಕಿರಿದಾಗುತ್ತದೆ. ವಿಕ್ಟೋರಿಯಾ ರಾಣಿಯ ಕಾಲದ ಕಿರೀಟದಲ್ಲಿ ಎರಡು ಕಮಾನು ಕೂಡುವ ಜಾಗ ನಡುವೆ ತುಸು ತಗ್ಗಿರುತ್ತದೆ. 1901ರ ನಂತರ ಬಂದ ಟ್ಯೂಡರ್ ಕಿರೀಟದ ಕಮಾನು ಕಲಬುರಗಿಯ ಗುಮ್ಮಟಗಳ ಹಾಗೆ ತುಂಬು ದುಂಡಗೆ ಮೇಲೇರುತ್ತದೆ. ಕಂಟಿಂಜೆಂಟಿನ ಹೆಸರಿನ ಜೊತೆಗೆ ಈ ದುಂಡು ಕಿರೀಟ ಇರುವ ಬಿಲ್ಲೆ ಸಿಕ್ಕರೆ ಅದರ ನಕ್ಷೆ 1901 ಮತ್ತು 1903ರ ನಡುವಿನ ಕಿರಿದಾದ ಸಂದಿನಲ್ಲಿ ಹುಟ್ಟಿರಬೇಕು. ಎಲಿಜಬೆತ್ ರಾಣಿಯ ಕಾಲಕ್ಕೆ, 1950ರ ದಶಕದಲ್ಲಿ, ಕಮಾನು ಮತ್ತೆ ತಗ್ಗಿತು. ಆದರೆ ಅಷ್ಟು ಹೊತ್ತಿಗೆ ಭಾರತ ಗಣರಾಜ್ಯವಾಗಿ ನಮ್ಮ ಸೈನ್ಯದ ಬಿಲ್ಲೆಗಳಲ್ಲಿ ಕಿರೀಟದ ಜಾಗಕ್ಕೆ ಅಶೋಕನ ಸಿಂಹಗಳು ಬಂದಿದ್ದವು. ಹಾಗಾಗಿ ಭಾರತದ ಪಲ್ಟನ್ನಿನ ಹೆಸರು, ಅದರ ಮೇಲೆ ಎಲಿಜಬೆತ್ ಕಾಲದ ಕಿರೀಟ ಎರಡೂ ಒಟ್ಟಿಗೆ ಇದ್ದರೆ ಅದು ಯಾವ ಸಿಪಾಯಿಯ ಮೈಮೇಲೂ ಇದ್ದದ್ದಲ್ಲ, ಮಾರಾಟಕ್ಕೆಂದೇ ಮಾಡಿದ್ದು.

ಮುಖದ ಹೆಸರನ್ನು ನಂಬುವಾಗಲೂ ಒಂದು ಮಿತಿ ಇದೆ. ಹೆಸರು ಪಲ್ಟನ್ನಿನದು, ಮನುಷ್ಯನ ಊರಿನದಲ್ಲ. ಕೊಡಗಿನ ಕೆ. ಎಸ್. ತಿಮ್ಮಯ್ಯ 1920ರ ದಶಕದಲ್ಲಿ ಸೇರಿದ್ದು 19ನೆಯ ಹೈದರಾಬಾದ್ ರೆಜಿಮೆಂಟಿನ ನಾಲ್ಕನೆಯ ಬೆಟಾಲಿಯನ್ನಿಗೆ. ಮೊದಲ ಪರಮವೀರ ಚಕ್ರ ಪಡೆದ ಮೇಜರ್ ಸೋಮನಾಥ ಶರ್ಮಾ 1942ರಲ್ಲಿ ಅಧಿಕಾರಿಯಾಗಿ ಸೇರಿದ್ದು ಹೈದರಾಬಾದ್ ರೆಜಿಮೆಂಟಿಗೆ. 1947ರ ನವೆಂಬರ್ 3ರಂದು ಬಡಗಾಮಿನಲ್ಲಿ ಪ್ರಾಣ ಕೊಟ್ಟದ್ದು ಕುಮಾವೂಂ ರೆಜಿಮೆಂಟಿನ ಅಧಿಕಾರಿಯಾಗಿ. ಇಬ್ಬರೂ ನಿಜಾಮನ ಪ್ರಜೆಗಳಲ್ಲ. ಆ ರೆಜಿಮೆಂಟಿನ ಹೆಸರು ಹೈದರಾಬಾದಿನದ್ದಾಗಿದ್ದರೂ ಅದರ ಸಿಪಾಯಿಗಳು ಹೆಚ್ಚಾಗಿ ಉತ್ತರದ ಕುಮಾವೂಂ, ಅಹೀರ, ಜಾಟ ಜನ ಆಗಿದ್ದರು. ಹೆಸರು ಬದಲಾದದ್ದೂ ಅದಕ್ಕೇ. ಅಂದ ಮೇಲೆ ‘ಹೈದರಾಬಾದ್’ ಎಂದು ಬರೆದ ಬಿಲ್ಲೆ ಆಳಂದದ ಮನೆಯಲ್ಲಿ ಸಿಕ್ಕಿತೆಂದು ಅದನ್ನು ತೊಟ್ಟವನು ನಿಜಾಮನ ಸೈನಿಕ ಎಂದು ತೀರ್ಮಾನಿಸುವಂತಿಲ್ಲ. ನಿಜಾಮನ ಸ್ವಂತ ದಂಡು ಬೇರೆಯೇ ಇತ್ತು. ಅದರಲ್ಲಿ ಬ್ರಿಟಿಷ್ ಚಕ್ರಾಧಿಪತ್ಯದ ಯುದ್ಧಗಳಿಗೆ ಕಳಿಸಲೆಂದು ಹತ್ತೊಂಬತ್ತನೆಯ ಶತಮಾನದ ಕೊನೆಗೆ ರೂಪುಗೊಂಡ ‘ಇಂಪೀರಿಯಲ್ ಸರ್ವಿಸ್’ ದಂಡು 1918ರಲ್ಲಿ ಮೈಸೂರು, ಜೋಧಪುರದ ಲ್ಯಾನ್ಸರುಗಳೊಂದಿಗೆ ಪ್ಯಾಲೆಸ್ಟೈನಿನಲ್ಲಿತ್ತು. ಆ ಮೂರು ದಂಡುಗಳ ನೆನಪಿಗೆ ನಿಲ್ಲಿಸಿದ ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಹೈದರಾಬಾದಿನದು. 1920ರ ದಶಕದ ಆರಂಭದಲ್ಲಿ ‘ಇಂಪೀರಿಯಲ್ ಸರ್ವಿಸ್’ ಎಂಬ ಹೆಸರು ಹೋಗಿ ‘ಇಂಡಿಯನ್ ಸ್ಟೇಟ್ಸ್ ಫೋರ್ಸಸ್’ ಬಂತು. ಬಿಲ್ಲೆಯ ಮೇಲಿನ ಒಂದೇ ಒಂದು ಅಕ್ಷರದ ವ್ಯತ್ಯಾಸ ಇಲ್ಲಿ ಮೂವತ್ತು ವರ್ಷದ ವ್ಯತ್ಯಾಸವಾಗಬಲ್ಲದು.

ಸಂಸ್ಥಾನದ ವಸ್ತುಗಳ ಮೇಲೆ ಉರ್ದು ಅಂಕಿಗಳಲ್ಲಿ ವರ್ಷವೇ ಬರೆದಿರುತ್ತದಲ್ಲ, ತಯಾರಕನ ಗುರುತಿನ ಗೊಡವೆ ಏಕೆ ಎನ್ನಬಹುದು. ಬರೆದ ವರ್ಷವೂ ದಾರಿ ತಪ್ಪಿಸುತ್ತದೆ. ಹೈದರಾಬಾದಿನಲ್ಲಿ ಎರಡು ಲೆಕ್ಕ ನಡೆಯುತ್ತಿದ್ದವು: ನಾಣ್ಯದ ಮೇಲೆ ಹಿಜರಿ, ಕಚೇರಿಯ ಕಾಗದದ ಮೇಲೆ ಫಸಲಿ. ಫಸಲಿ ವರ್ಷ ಅಕ್ಟೋಬರಿನಲ್ಲಿ ಶುರುವಾಗುತ್ತಿತ್ತು. ಅದಕ್ಕೆ 590 ಕೂಡಿಸಿದರೆ ಶುರುವಿನ ಇಸವಿ ಬರುತ್ತದೆ. 1340 ಎಂಬ ಅಂಕಿ ಹಿಜರಿಯಾದರೆ 1921–22, ಫಸಲಿಯಾದರೆ 1930–31. ಒಂದೇ ಅಂಕಿ, ಒಂಬತ್ತು ವರ್ಷದ ಅಂತರ. ಹಿಜರಿ ಚಂದ್ರಮಾನವಾದ್ದರಿಂದ ವರ್ಷಕ್ಕೆ ಹತ್ತು ಹನ್ನೊಂದು ದಿನ ಮುಂದೋಡುತ್ತದೆ, ಅಂತರ ಎಲ್ಲ ಕಾಲಕ್ಕೂ ಒಂದೇ ಅಲ್ಲ. ಇನ್ನು ವರ್ಷವೇ ಅಲ್ಲದ ಅಂಕಿಗಳು! ಹೈದರಾಬಾದಿನ ನಾಣ್ಯಗಳ ಮೇಲೆ 92 ಎಂದು ಕಾಣುತ್ತದೆ. ಅದು ವರ್ಷವಲ್ಲ, ಮುಹಮ್ಮದ್ ಎಂಬ ಹೆಸರಿನ ಅಕ್ಷರಗಳಿಗೆ ಅಬ್ಜದ್ ಲೆಕ್ಕದಲ್ಲಿ ಬರುವ ಮೊತ್ತ. ಅಂಕಿ ಕಂಡ ಕೂಡಲೆ ವರ್ಷವೆಂದು ಓದುವ ಈ ಚಟ ನಮ್ಮಲ್ಲಿ ಮಾತ್ರ ಇದೆ ಎಂದಲ್ಲ; ಹಿಟ್ಲರನ ಕಾಲದ ಜರ್ಮನ್ ಬಿಲ್ಲೆಗಳ ಹಿಂದಿನ ಸಂಖ್ಯೆ ಕಾರ್ಖಾನೆಗೆ ಕೊಟ್ಟ ಪರವಾನಗಿಯದು, ಅದನ್ನೂ ಜನ ತಾರೀಖೆಂದು ಓದಿ ಮೋಸ ಹೋಗಿದ್ದಾರೆ. ಇಂಥ ಗೊಂದಲದಲ್ಲಿ ಎರಡನೆಯ ಸಾಕ್ಷಿಯೊಂದು ಜೊತೆಗಿದ್ದರೆ ಕೆಲಸ ಹಗುರ. ಚಾರ್‌ಮಿನಾರ್ ಚಿತ್ರದ ನಾಣ್ಯಗಳನ್ನು ನೋಡಿ: ಬಾಗಿಲಿನ ಕಮಾನಿನೊಳಗೆ ‘ಮೀಮ್’ ಅಕ್ಷರ ಇದ್ದರೆ ಮಹಬೂಬ್ ಅಲಿ ಖಾನ್, 1911ರವರೆಗೆ, ‘ಐನ್’ ಇದ್ದರೆ ಉಸ್ಮಾನ್ ಅಲಿ ಖಾನ್, 1911ರಿಂದ 1948. ವರ್ಷದ ಅಂಕಿ ಅಳಿಸಿದ್ದರೂ ಆ ಒಂದು ಅಕ್ಷರ ಉಳಿದರೆ ಸಾಕು. ನಾಣ್ಯ ಬಲ್ಲವರು ಎಂದೂ ಒಂದೇ ಗುರುತಿನ ಮೇಲೆ ತೀರ್ಪು ಕೊಡುವುದಿಲ್ಲ. ಬಿಲ್ಲೆಯ ವಿಷಯದಲ್ಲೂ ಅದೇ ಶಿಸ್ತು ಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ: ಗುರುತನ್ನೇ ಸುಳ್ಳು ಮಾಡಿದರೆ? ಮಾಡುತ್ತಾರೆ. ಸುಳ್ಳು ಮಾಡದೆಯೂ ಗುರುತು ದಾರಿ ತಪ್ಪಿಸುತ್ತದೆ. 1970ರ ದಶಕದಲ್ಲಿ ಗಾಂಟ್ ಕಂಪನಿ ಬರ್ಮಿಂಗ್‌ಹ್ಯಾಮ್ ಮಿಂಟಿನ ಕೈಸೇರಿದ ಮೇಲೆ ಹಳೆಯ ಉಕ್ಕಿನ ಅಚ್ಚುಗಳಿಂದಲೇ ಸಂಗ್ರಹಕಾರರಿಗಾಗಿ ಮತ್ತೆ ಬಿಲ್ಲೆ ಒತ್ತಲಾಯಿತು. ಅಚ್ಚು ನಿಜ, ಹೆಸರು ನಿಜ, ಕಾರ್ಖಾನೆಯ ಪರಂಪರೆ ನಿಜ. ಬಿಲ್ಲೆ ಮಾತ್ರ ಯಾವ ದಂಡಿನದೂ ಅಲ್ಲ. ಕೆಳಗಿನ ಗೆರೆ ಹಾಕುವುದಷ್ಟೇ ಗುರುತಿನ ಕೆಲಸ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ. ಇಲ್ಲಿ ಲೋಹವೇ ಮಾತಾಡಬೇಕು. ಅಚ್ಚು ಒತ್ತಿದ ತೆಳು ಬಿಲ್ಲೆಯ ಬೆನ್ನಿನಲ್ಲಿ ಮುಖದ ಚಿತ್ರ ತಗ್ಗಾಗಿ ಮೂಡಿರುತ್ತದೆ. ಎರಕ ಹೊಯ್ದ ನಕಲಿನ ಬೆನ್ನು ಚಪ್ಪಟೆ, ಮೇಲೆ ಮರಳಿನ ಚುಕ್ಕೆ, ಗಾಳಿಗುಳ್ಳೆ. ಎರಕದಲ್ಲಿ ತೆಗೆದ ಹೆಸರಿನ ಅಕ್ಷರದ ಅಂಚು ಮಂಕಾಗಿರುತ್ತದೆ, ಒತ್ತಿದ್ದರಲ್ಲಿ ಚೂಪಾಗಿರುತ್ತದೆ. ಇದೆಲ್ಲಕ್ಕಿಂತ ಹೆಚ್ಚು ನಂಬಬಹುದಾದದ್ದು ಸವೆತ. ಸಿಪಾಯಿ ದಿನಾ ಬಿಲ್ಲೆ ಉಜ್ಜುತ್ತಿದ್ದ, ಮೊದಲು ಇಟ್ಟಿಗೆ ಪುಡಿಯಿಂದ, ಆಮೇಲೆ ಬ್ರಾಸ್ಸೋದಿಂದ. ಉಜ್ಜಿದ್ದು ಮುಖವನ್ನು ಮಾತ್ರ. ನಿಜವಾಗಿ ತೊಟ್ಟ ಬಿಲ್ಲೆಯ ಮುಖದಲ್ಲಿ ಎತ್ತರದ ಗೆರೆಗಳು ಬೆಣ್ಣೆಯಂತೆ ನುಣುಪಾಗಿ, ಬೆನ್ನು ಮೊದಲಿನ ಹಾಗೇ ಒರಟಾಗಿ ಉಳಿದಿರುತ್ತದೆ. ಮುಖ, ಬೆನ್ನು ಎರಡೂ ಸಮನಾಗಿ ಹಳತಾಗಿದ್ದರೆ ಆ ಹಳತನ ಬದುಕಿನಿಂದಲ್ಲ, ಆಮ್ಲದಿಂದ ಬಂದದ್ದಿರಬಹುದು. ಸಿಕ್ಕಿಸುವ ಕೊಂಡಿಯನ್ನೂ ನೋಡಬೇಕು. ಎರಡು ಪಕ್ಕದ ಕಿವಿಗಳಿಗೆ ಪಿನ್ನು ತೂರಿಸುವ ರೀತಿ ಹಳೆಯದು. ಟೋಪಿಯ ಪಟ್ಟಿಗೆ ಇಳಿಬಿಡುವ ಚಪ್ಪಟೆ ನಾಲಿಗೆ ಬ್ರಿಟಿಷ್ ಸೈನ್ಯದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಢಿಗೆ ಬಂದದ್ದು. ಇಂಡಿಯಾದಲ್ಲಿ ರುಮಾಲಿಗೂ ಬಿಸಿಲುಟೋಪಿಗೂ ಕಿವಿಯೇ ಅನುಕೂಲವಾದ್ದರಿಂದ ಅದು ಬಹಳ ಕಾಲ ಮುಂದುವರಿಯಿತು. ಬ್ರಿಟನ್ನಿನ ಪಾಠವನ್ನು ಇಲ್ಲಿಗೆ ತಂದು ‘ಕಿವಿ ಇದೆ, ಆದ್ದರಿಂದ ವಿಕ್ಟೋರಿಯಾ ಕಾಲ’ ಎನ್ನುವವರು ಎಡವುವುದು ಇಲ್ಲಿಯೇ.

ಎರಡನೆಯ ಆಕ್ಷೇಪ ನಮ್ಮ ಭಾಗಕ್ಕೆ ಇನ್ನೂ ಹತ್ತಿರದ್ದು. ನಮ್ಮಲ್ಲಿ ಸಿಗುವ ಬಿಲ್ಲೆಗಳಲ್ಲಿ ಎಷ್ಟೋ ಗುರುತಿಲ್ಲದವು. ಹಾಗಾದರೆ ಈ ಶಾಸ್ತ್ರದಿಂದ ನಮಗೇನು? ಗುರುತಿಲ್ಲದ್ದು ಖೊಟ್ಟಿ ಎಂದು ತಿಳಿಯುವುದು ಪೇಟೆಯ ರೂಢಿ, ಮತ್ತು ಅದು ತಪ್ಪು. ಅಧಿಕಾರಿಗಳ ಗುಂಡಿ ಲಂಡನ್ನಿನಿಂದ ಬಂದರೂ ಸಿಪಾಯಿಯ, ತಳವಾರನ, ಚಪರಾಸಿಯ ಬಿಲ್ಲೆಯನ್ನು ಪಲ್ಟನ್ನಿನ ಮಿಸ್ತ್ರಿಯೋ ಪೇಟೆಯ ಕಂಚುಗಾರನೋ ಮಾಡಿಕೊಡುವುದು ಇಡೀ ಹಿಂದುಸ್ತಾನದಲ್ಲಿ ಸಾಮಾನ್ಯವಾಗಿತ್ತು. ಕಂಚುಗಾರ ತನ್ನ ಹೆಸರು ಹಾಕುವವನಲ್ಲ. ಬೀದರಿನ ಹಳೆಯ ಬಿದರಿ ಹೂಜಿಗಳ ಮೇಲೂ ಕುಶಲಕರ್ಮಿಯ ಹೆಸರು ಸಿಗುವುದು ಅಪರೂಪ; ಅದರಿಂದ ಯಾರೂ ಅವನ್ನು ಖೊಟ್ಟಿ ಎನ್ನುವುದಿಲ್ಲ. ಎರಕದ ಕೆಲಸವೆಂದರೆ ನಕಲು ಎಂಬ ಹಿಂದಿನ ನಿಯಮವೂ ಇಲ್ಲಿ ಸಡಿಲವಾಗಬೇಕು: ಬರ್ಮಿಂಗ್‌ಹ್ಯಾಮಿನ ಹೆಸರಿದ್ದು ಎರಕವಾಗಿದ್ದರೆ ನಕಲು, ಹೆಸರೇ ಇಲ್ಲದ ಎರಕ ಊರಿನ ಅಸಲಿ ಕೆಲಸ ಇರಬಹುದು. ಗುರುತಿನ ಅಭಾವವೂ ಹೀಗೆ ಒಂದು ಸುದ್ದಿ ಹೇಳುತ್ತದೆ. ಆ ಬಿಲ್ಲೆಯನ್ನು ಕೊಟ್ಟ ಕಚೇರಿ ಸಮುದ್ರದಾಚೆಗೆ ಆರ್ಡರ್ ಕಳಿಸುವಂಥದ್ದಲ್ಲ, ತೊಟ್ಟವನು ಮೇಲಿನ ದರ್ಜೆಯವನಲ್ಲ. ವರ್ಷ ಸಿಗದಿದ್ದರೂ ಅಂತಸ್ತು ಸಿಕ್ಕಿತು. ಇಲ್ಲಿನ ಬಡವರ ಚರಿತ್ರೆಗೆ ಅದೂ ಸಣ್ಣದೇನಲ್ಲ.

ಮೂರನೆಯದು ಆಕ್ಷೇಪಕ್ಕಿಂತ ಹೆಚ್ಚಾಗಿ ನೋವು. ಮನೆಯ ಹಿರಿಯರು ತಲೆಮಾರಿನಿಂದ ಹೇಳುತ್ತ ಬಂದದ್ದನ್ನು ಒಂದು ಕಂಪನಿಯ ಹೆಸರು ಸುಳ್ಳು ಮಾಡಬೇಕೆ? ಮುತ್ತಾತ 1857ರಲ್ಲಿ ತೊಟ್ಟದ್ದು ಎಂದು ಹೇಳುವ ಬಿಲ್ಲೆಯ ಬೆನ್ನು 1875 ಎಂದರೆ ಮುತ್ತಾತನೇ ಸುಳ್ಳೆ? ಅಲ್ಲ. ಸನ್ನತಿಯ ಉದಾಹರಣೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಜೇವರ್ಗಿಯ ನೆರೆಯ ಚಿತ್ತಾಪುರ ತಾಲೂಕಿನಲ್ಲಿ, ಅದೇ ಭೀಮೆಯ ದಂಡೆಯ ಮೇಲೆ, ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ದೇಗುಲದ ಚಾವಣಿ 1986ರಲ್ಲಿ ಕುಸಿದಾಗ ದೇವಿಯ ಮೂರ್ತಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನ ಎಂದು ತಿಳಿದುಬಂತು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಕಲ್ಲು ಎಷ್ಟೋ ಕಾಲ ದೇವಿಯ ಪೀಠವಾಗಿ ಪೂಜೆ ಪಡೆದಿತ್ತು. ಪೀಠ ಎಂಬ ನಂಬಿಕೆ ಸುಳ್ಳಲ್ಲ, ಶಾಸನ ಎಂಬ ಓದು ಸುಳ್ಳಲ್ಲ. ಎರಡು ಬೇರೆ ಬೇರೆ ಕಾಲದ ಸತ್ಯಗಳು ಒಂದೇ ಕಲ್ಲಿನ ಮೇಲಿವೆ. ಬಿಲ್ಲೆಯೂ ಹಾಗೆ. ಮುತ್ತಾತ ದಂಡಿನಲ್ಲಿದ್ದದ್ದು ನಿಜವಿರಬಹುದು, ಅವನ ಬಿಲ್ಲೆ ಕಳೆದು ಮಗನದ್ದು ಉಳಿದಿರಬಹುದು, ಹೆಸರು ಹಿರಿಯನಿಗೆ ಅಂಟಿಕೊಂಡಿರಬಹುದು. ನೆನಪು ಮನುಷ್ಯನನ್ನು ಉಳಿಸಿಕೊಳ್ಳುತ್ತದೆ, ತಾರೀಖನ್ನು ಕೈಬಿಡುತ್ತದೆ. ಲೋಹ ತಾರೀಖು ಉಳಿಸಿಕೊಂಡು ಮನುಷ್ಯನನ್ನು ಕೈಬಿಡುತ್ತದೆ. ಎರಡೂ ಸೇರಿದ ಒಂದು ಅಪರೂಪದ ವಸ್ತು ಇದೆ: ಮೊದಲ ಮಹಾಯುದ್ಧದ ಪದಕ. ಅದರ ದಪ್ಪ ಅಂಚಿನಲ್ಲಿ ಸೈನಿಕನ ಸಂಖ್ಯೆ, ಹೆಸರು, ಪಲ್ಟನ್ ಕೊರೆದಿರುತ್ತದೆ. ಸಿಪಾಯಿಗೆ ಬೆಳ್ಳಿಯದು, ಹಮಾಲಿ–ಕೂಲಿ ದಳಗಳಲ್ಲಿ ದುಡಿದ ಭಾರತೀಯರಿಗೆ ಕಂಚಿನದು. ಕಂಚಿನ ಪದಕವನ್ನು ಅಗ್ಗದ್ದೆಂದು ಮೋಡಕಾದವನಿಗೆ ಹಾಕುವ ಮೊದಲು ಅಂಚು ಓದಬೇಕು. ಬೆಳ್ಳಿಗಿಂತ ಅದೇ ಅಪರೂಪ.

ಕೊನೆಯ ಆಕ್ಷೇಪವನ್ನು ಈ ನೆಲದಲ್ಲಿ ಯಾರೂ ಹಗುರವಾಗಿ ತೆಗೆದುಕೊಳ್ಳಲಾರರು. ನಿಜಾಮನ ದಂಡಿನ ಬಿಲ್ಲೆಯನ್ನು ಜತನ ಮಾಡುವುದೇಕೆ? 1947–48ರಲ್ಲಿ ಈ ಗಡಿಯ ಹಳ್ಳಿಗಳು ರಜಾಕಾರರ ಹಾವಳಿ ಕಂಡಿವೆ, ಜನ ಮನೆಮಠ ಬಿಟ್ಟು ಸೊಲ್ಲಾಪುರದ ಕಡೆ ಓಡಿದ್ದಾರೆ, ಪೊಲೀಸ್ ಕಾರ್ಯಾಚರಣೆಯ ನಂತರ ಇನ್ನೊಂದು ಬಗೆಯ ನೋವನ್ನೂ ಉಂಡಿದ್ದಾರೆ. ರಜಾಕಾರರ ಹಾವಳಿ ಹಿಂದೆ ಮುಂದೆ ಎಂದೇ ಹುಟ್ಟಿದ ವರ್ಷ ಲೆಕ್ಕ ಹಾಕುವ ಹಿರಿಯರು ನಮ್ಮಲ್ಲಿ ಇದ್ದರು. ಆ ಗಾಯ ಗೊತ್ತಿದ್ದೇ ಹೇಳುತ್ತೇನೆ: ಬಿಲ್ಲೆಗೆ ಸರಿಯಾದ ವರ್ಷ ಹಚ್ಚುವುದು ಇದೇ ಕಾರಣಕ್ಕೆ ಅಗತ್ಯ. ತಾರೀಖು ಇಲ್ಲದಿದ್ದರೆ ಎಲ್ಲ ಹಿತ್ತಾಳೆಯೂ ಒಂದೇ ‘ನಿಜಾಮನ ದಂಡು’ ಆಗಿಬಿಡುತ್ತದೆ. ರಜಾಕಾರರು ಲಾತೂರಿನ ವಕೀಲ ಕಾಸಿಂ ರಜ್ವಿಯ ನೇತೃತ್ವದ ಖಾಸಗಿ ಪಡೆ. ಅವರ ಅಬ್ಬರದ ಕಾಲ ಕೊನೆಯ ಒಂದೆರಡು ವರ್ಷ. 1903ಕ್ಕೆ ಮುಗಿದ ಕಂಟಿಂಜೆಂಟಿನ ಗುಂಡಿ, 1922ಕ್ಕೆ ಅಳಿದ 94ನೆಯ ಪಲ್ಟನ್ನಿನ ಭುಜದ ಬಿಲ್ಲೆ, 1916ರ ಜುಲೈ 14ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಕುದುರೆ ಏರಿ ನುಗ್ಗಿದ, ಸ್ವತಂತ್ರ ಭಾರತದ ಸೈನ್ಯವಾಗಿ 1965ರಲ್ಲಿ ಅಸಲ್ ಉತ್ತರದಲ್ಲಿ ಟ್ಯಾಂಕ್ ನಡೆಸಿದ ಡೆಕ್ಕನ್ ಹಾರ್ಸಿನ ಲಾಂಛನ, ಇವಾವುದಕ್ಕೂ ಆ ಹಾವಳಿಯ ಲೆಕ್ಕ ಹಚ್ಚುವುದು ಅನ್ಯಾಯ. ಹಾಗೆಯೇ ಆ ಹಾವಳಿಯ ಕಾಲದ ವಸ್ತುವಿಗೆ ಯಾವುದೋ ಹಳೆಯ ಪಲ್ಟನ್ನಿನ ಮರ್ಯಾದೆಯ ಮುಸುಕು ಹಾಕುವುದೂ ಅನ್ಯಾಯ. ಬೆನ್ನಿನ ಮೇಲಿನ ನಾಲ್ಕಕ್ಷರ ಎರಡೂ ಅನ್ಯಾಯವನ್ನು ತಡೆಯುತ್ತವೆ.

ಆದ್ದರಿಂದ ಆಳಂದ, ಅಫಜಲಪುರ, ಜೇವರ್ಗಿಯ ಮನೆಮನೆಯವರಲ್ಲಿ ಒಂದು ವಿನಂತಿ. ಅಂಥ ಬಿಲ್ಲೆಯೋ ಗುಂಡಿಯೋ ಇದ್ದರೆ ದೀಪಾವಳಿಗೆ ಪಾತ್ರೆಯ ಜೊತೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ, ಬೆನ್ನನ್ನಂತೂ ಮುಟ್ಟಲೇಬೇಡಿ. ಓರೆ ಬೆಳಕಿಗೆ ಹಿಡಿದು ಎರಡೂ ಮಗ್ಗುಲಿನ ಫೋಟೋ ತೆಗೆಯಿರಿ, ಕೊಂಡಿಯದೂ ಅಂಚಿನದೂ ಬೇರೆಯಾಗಿ ತೆಗೆಯಿರಿ. ಉರ್ದು ಅಕ್ಷರ ಇದ್ದರೆ ಓದಬಲ್ಲವರು ನಿಮ್ಮ ಊರಲ್ಲೇ ಇದ್ದಾರೆ, ಅವರಿಗೆ ತೋರಿಸಿ. ಒಂದು ಚೀಟಿಯ ಮೇಲೆ ಅದನ್ನು ತೊಟ್ಟವರ ಹೆಸರು, ನಿಮಗೆ ಅದನ್ನು ಹೇಳಿದವರ ಹೆಸರು, ಹೇಳಿದ ವರ್ಷ ಬರೆದು ಅದೇ ಗಂಟಿನಲ್ಲಿ ಇಡಿ.